ಮಾಜಾಳಿಯಿಂದ ಅಂಕೋಲಾವರೆಗೆ: ಕ್ಯಾರವಾನ್ ಪ್ರವಾಸಿಗರು ರಾತ್ರಿ ಎಲ್ಲಿ ತಂಗಬೇಕು?

ಗೋವಾದ ಪೋಳೆಂ ಗ್ರಾಮವನ್ನು ದಾಟಿ ಬರುವ ರಾಷ್ಟ್ರೀಯ ಹೆದ್ದಾರಿ 66 ಕರ್ನಾಟಕವನ್ನು ಪ್ರವೇಶಿಸುವುದು ಕಾರವಾರ ತಾಲೂಕಿನ ಮಾಜಾಳಿಯಲ್ಲಿ. ಹಿಂದೆ 17ನೆಯ ಸಂಖ್ಯೆಯಿಂದ ಕರೆಸಿಕೊಳ್ಳುತ್ತಿದ್ದ, ಹಳಬರ ಬಾಯಲ್ಲಿ ಇಂದಿಗೂ ಹಾಗೆಯೇ ಉಳಿದಿರುವ ಈ ರಸ್ತೆ ಪನ್ವೇಲಿನಿಂದ ಕನ್ಯಾಕುಮಾರಿಯವರೆಗೆ ಪಶ್ಚಿಮ ಕರಾವಳಿಯುದ್ದಕ್ಕೂ ಸಾಗುತ್ತದೆ. ಚಳಿಗಾಲ ಬಂತೆಂದರೆ ಈ ದಾರಿಯಲ್ಲಿ ಮನೆಯನ್ನೇ ಬೆನ್ನಿಗೆ ಕಟ್ಟಿಕೊಂಡ ವಾಹನಗಳು ಕಾಣತೊಡಗುತ್ತವೆ. ಯೂರೋಪಿನ ಸಂಖ್ಯಾಫಲಕ ಹೊತ್ತ ಹಳೆಯ ವ್ಯಾನುಗಳು, ಬೆಂಗಳೂರು–ಪುಣೆಗಳಲ್ಲಿ ಬಾಡಿಗೆಗೆ ಪಡೆದ ಕ್ಯಾರವಾನುಗಳು, ಮಾಡಿನ ಮೇಲೆ ಡೇರೆ ಬಿಚ್ಚುವ ಜೀಪುಗಳು ಎಲ್ಲವೂ ಇವುಗಳಲ್ಲಿ ಸೇರಿವೆ. ಗಡಿ ದಾಟಿದ ಮೊದಲ ಸಂಜೆಯೇ ಇವರಿಗೆಲ್ಲ ಎದುರಾಗುವ ಪ್ರಶ್ನೆ ಒಂದೇ: ಇರುಳು ಗಾಡಿಯನ್ನು ಎಲ್ಲಿ ನಿಲ್ಲಿಸುವುದು?

ಅಮೆರಿಕ, ಯೂರೋಪುಗಳಲ್ಲಿ ಈ ಪ್ರಶ್ನೆಗೆ ಸಿದ್ಧ ಉತ್ತರವಿದೆ. ವಿದ್ಯುತ್ ಕಂಬ, ನೀರಿನ ನಲ್ಲಿ, ಕೊಳಚೆ ಹರಿಯುವ ಕೊಳವೆ, ಸ್ನಾನಗೃಹ, ಕಾವಲುಗಾರ, ಇಂತಿಷ್ಟು ದರ ಎಂಬ ವ್ಯವಸ್ಥೆಯುಳ್ಳ ಕ್ಯಾಂಪಿಂಗ್ ಪಾರ್ಕುಗಳು ಅಲ್ಲಿ ಸಾವಿರಾರು ಸಂಖ್ಯೆಯಲ್ಲಿವೆ. ಪ್ರವಾಸಿಗ ಆರಿಸಬೇಕಾದುದು ದರ ಮತ್ತು ಅನುಕೂಲಗಳ ನಡುವೆ ಮಾತ್ರ. ನಮ್ಮಲ್ಲಿ ಅಂಥ ಜಾಲ ಇನ್ನೂ ಬೆಳೆದಿಲ್ಲ. ಕರ್ನಾಟಕವು 2020ರಲ್ಲಿ ಪ್ರಕಟಿಸಿದ ಪ್ರವಾಸೋದ್ಯಮ ನೀತಿಯಲ್ಲಿ ಕ್ಯಾರವಾನ್ ಪ್ರವಾಸಕ್ಕೆ ಸ್ಥಾನ ದೊರೆಯಿತು. 2021ರಲ್ಲಿ ಕೇರಳ ತನ್ನದೇ ಕ್ಯಾರವಾನ್ ಯೋಜನೆಯನ್ನು ಘೋಷಿಸಿತು. ಆದರೆ ನೀತಿಯಿಂದ ನೆಲಕ್ಕೆ ಇಳಿಯುವ ದಾರಿ ದೂರದ್ದು. ಮಾಜಾಳಿಯಿಂದ ಅಂಕೋಲಾವರೆಗಿನ ಹಾದಿಯಲ್ಲಿ ತಂಗುದಾಣವೆಂದರೆ ಹೋಂಸ್ಟೇ ಅಂಗಳ, ಕಡಲತಡಿಯ ರೆಸಾರ್ಟಿನ ಹಿತ್ತಲು, ಪೆಟ್ರೋಲ್ ಬಂಕಿನ ಬದಿ, ದೇವಸ್ಥಾನದ ಮೈದಾನ ಅಥವಾ ಲಾರಿಗಳು ಸಾಲುಗಟ್ಟುವ ಢಾಬಾ. ಇವುಗಳಿಗೆ ನಕ್ಷತ್ರ ಕೊಟ್ಟು ಶ್ರೇಣೀಕರಿಸಿದವರಿಲ್ಲ. ಜಾಗದ ಗುಣದೋಷವನ್ನು ಪ್ರವಾಸಿಗನೇ ಓದಬೇಕಾಗುತ್ತದೆ. ಇಲ್ಲಿ ಓದಬೇಕಾದುದು ಸೂರ್ಯಾಸ್ತದ ಚೆಲುವನ್ನಲ್ಲ. ಗುಡ್ಡ, ನದಿ, ಉಬ್ಬರ ಮತ್ತು ಊರಿನವರ ಕೆಲಸದ ವೇಳೆಯನ್ನು.

ಶಿರೂರು ಕಲಿಸಿದ್ದು

2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಬದಿಯ ಗುಡ್ಡ ಕುಸಿಯಿತು. ಆ ದುರಂತ 11 ಮಂದಿಯನ್ನು ಬಲಿ ತೆಗೆದುಕೊಂಡಿತು. ಸತ್ತವರಲ್ಲಿ ರಸ್ತೆಬದಿಯ ಪುಟ್ಟ ಹೋಟೆಲನ್ನು ನಡೆಸುತ್ತಿದ್ದ ಕುಟುಂಬದವರೂ, ಅಲ್ಲಿ ಗಾಡಿ ನಿಲ್ಲಿಸಿದ್ದ ಲಾರಿ ಚಾಲಕರೂ ಇದ್ದರು. ಅಡುಗೆ ಅನಿಲದ ಟ್ಯಾಂಕರ್ ಒಂದು ಗಂಗಾವಳಿ ನದಿಗೆ ಬಿದ್ದು ತೇಲಿಹೋಯಿತು. ಕೇರಳದ ಚಾಲಕರೊಬ್ಬರ ಲಾರಿಯನ್ನು ನದಿಯ ತಳದಿಂದ ಮೇಲೆತ್ತುವ ಹೊತ್ತಿಗೆ ಸೆಪ್ಟೆಂಬರ್ 25 ಆಗಿತ್ತು.

ಈ ಘಟನೆ ಹೆದ್ದಾರಿ ಕಾಮಗಾರಿ, ಗುಡ್ಡ ಕಡಿದ ಬಗೆ, ಹೊಣೆಗಾರಿಕೆಗಳ ಕುರಿತು ದೊಡ್ಡ ಚರ್ಚೆಯನ್ನೇ ಎಬ್ಬಿಸಿತು. ದಾರಿಹೋಕನಿಗೆ ಸಂಬಂಧಿಸಿದ ಅಂಶ ಮಾತ್ರ ಆ ಚರ್ಚೆಯಲ್ಲಿ ಅಷ್ಟಾಗಿ ಕೇಳಿಸಲಿಲ್ಲ. ಶಿರೂರಿನ ಆ ಜಾಗ ತಂಗಲು ಹೇಳಿ ಮಾಡಿಸಿದಂತಿತ್ತು. ರಸ್ತೆ ಅಲ್ಲಿ ಅಗಲ. ದೊಡ್ಡ ವಾಹನವೂ ಸಲೀಸಾಗಿ ಬದಿಗೆ ಸರಿದು ನಿಲ್ಲಬಹುದು. ಚಹ, ತಿಂಡಿ ಸಿಗುತ್ತಿತ್ತು. ಒಂದು ಪಕ್ಕದಲ್ಲಿ ನದಿ, ತಂಪುಗಾಳಿ. ದೂರದ ಊರಿನ ಚಾಲಕರು ವರ್ಷಗಳಿಂದ ಅಲ್ಲಿ ನಿಂತು ಹೋಗುತ್ತಿದ್ದರು. ತಂಗುದಾಣ ಆರಿಸುವವರಿಗೆ ಯಾರೇ ಹೇಳಲಿ, ನೀರು, ಊಟ, ಜನಸಂಚಾರ ಮತ್ತು ಸಮತಟ್ಟು ನೆಲ ಎಂದು ಹೇಳುವ ನಾಲ್ಕು ಲಕ್ಷಣಗಳೂ ಅಲ್ಲಿದ್ದವು. ಇಲ್ಲದ್ದು ಒಂದೇ: ಮೇಲಿನ ಗುಡ್ಡಕ್ಕೆ ಕಾಲೂರಲು ನೆಲೆ.

ಕರಾವಳಿಯ ಗುಡ್ಡಗಳ ರಚನೆಯನ್ನು ಅರಿತರೆ ವಿಷಯ ಸ್ಪಷ್ಟವಾದೀತು. ಮೇಲ್ಪದರದಲ್ಲಿ ಗಟ್ಟಿ ಜಂಬಿಟ್ಟಿಗೆ, ಅಂದರೆ ಮನೆ ಕಟ್ಟುವ ಚಿರೆಕಲ್ಲು ಇರುತ್ತದೆ. ಅದರಡಿ ಬಿಳಿ, ಹಳದಿ, ನೇರಳೆ ಬಣ್ಣದ ಮೆತ್ತನೆಯ ಜೇಡಿ. ಮಳೆನೀರು ಜಂಬಿಟ್ಟಿಗೆಯ ರಂಧ್ರಗಳಲ್ಲಿ ಇಳಿದು ಜೇಡಿಯ ಮೇಲೆ ನಿಲ್ಲುತ್ತದೆ. ಗುಡ್ಡದ ಪಾದವನ್ನು ನೆಟ್ಟಗೆ ಕಡಿದಿದ್ದರೆ, ನೆನೆದು ಭಾರವಾದ ಮೇಲ್ಭಾಗಕ್ಕೆ ಆಧಾರವಿಲ್ಲದಂತಾಗುತ್ತದೆ. ಕಾರವಾರದಲ್ಲಿ ವರ್ಷಕ್ಕೆ 3000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಅದರ ಬಹುಪಾಲು ಜೂನ್‌ನಿಂದ ಆಗಸ್ಟ್‌ವರೆಗಿನ ಮೂರೇ ತಿಂಗಳಲ್ಲಿ.

ಆದ್ದರಿಂದ ಮಳೆಗಾಲದಲ್ಲಿ, ಮಳೆ ನಿಂತ ನಂತರದ ಕೆಲವು ವಾರಗಳಲ್ಲಿಯೂ, ಕಡಿದ ಗುಡ್ಡದ ಕೆಳಗೆ ಅರ್ಧ ಗಂಟೆಯ ನಿದ್ದೆಗೂ ಗಾಡಿ ನಿಲ್ಲಿಸತಕ್ಕದ್ದಲ್ಲ. ಹುಲ್ಲು ಹುಟ್ಟದ ಹಸಿ ಕೆಂಪು ಗೋಡೆ, ಬುಡದಿಂದ ಒಸರುವ ಕೆಸರು ನೀರು, ರಸ್ತೆಯ ಕಡೆಗೆ ವಾಲಿದ ಮರ ಅಥವಾ ವಿದ್ಯುತ್ ಕಂಬ, ಚರಂಡಿಯಲ್ಲಿ ಹೊಸದಾಗಿ ಬಿದ್ದ ಮಣ್ಣಿನ ಹೆಂಟೆ: ಇವುಗಳಲ್ಲಿ ಒಂದು ಕಂಡರೂ ಮುಂದೆ ಸಾಗುವುದೇ ಸರಿ. ರಸ್ತೆಯ ಆಚೆ ಬದಿಗೆ ನಿಂತರಾಯಿತು ಎಂಬ ಸಮಾಧಾನಕ್ಕೆ ಅರ್ಥವಿಲ್ಲ. ಶಿರೂರಿನಲ್ಲಿ ಮಣ್ಣು ಇಡೀ ಹೆದ್ದಾರಿಯನ್ನು ದಾಟಿ ನದಿಗೆ ಬಿತ್ತು. ಅದರ ಹೊಡೆತಕ್ಕೆ ಎದ್ದ ನೀರು ಎದುರು ದಡದ ಉಳುವರೆ ಗ್ರಾಮದ ಮನೆಗಳಿಗೆ ಅಪ್ಪಳಿಸಿ ಅಲ್ಲಿಯೂ ಜೀವಹಾನಿಯಾಯಿತು. ಗುಡ್ಡ ಮತ್ತು ನದಿ ಹೆದ್ದಾರಿಯನ್ನು ಎರಡು ಕಡೆಯಿಂದ ಒತ್ತಿದ ಜಾಗದಲ್ಲಿ ಸುರಕ್ಷಿತ ಬದಿ ಎಂಬುದೇ ಇರುವುದಿಲ್ಲ.

ಗಡಿಯಲ್ಲಿ

ಗೋವಾದ ಅಭ್ಯಾಸಗಳನ್ನು ಗೋವಾದಲ್ಲಿಯೇ ಬಿಟ್ಟುಬರುವುದು ಕ್ಷೇಮ. ಮಾಜಾಳಿಯ ತಪಾಸಣಾ ಠಾಣೆಯಲ್ಲಿ ಅಬಕಾರಿ ಸಿಬ್ಬಂದಿ ವಾಹನಗಳನ್ನು ಪರಿಶೀಲಿಸುತ್ತಾರೆ. ಪರವಾನಗಿಯಿಲ್ಲದೆ ಗೋವಾ ಮದ್ಯ ತರುವುದು ಇಲ್ಲಿ ಅಪರಾಧ. ಹತ್ತಾರು ಕಪಾಟುಗಳಿರುವ ಕ್ಯಾರವಾನಿನ ತಪಾಸಣೆಗೆ ಸಹಜವಾಗಿಯೇ ಕಾರಿಗಿಂತ ಹೆಚ್ಚು ಸಮಯ ಹಿಡಿಯುತ್ತದೆ. ಸಂಜೆಯ ಲೆಕ್ಕಾಚಾರದಲ್ಲಿ ಇದನ್ನೂ ಸೇರಿಸಿಕೊಳ್ಳಬೇಕು. ಅಂದಹಾಗೆ, ಗೋವಾದ ಕಡಲತೀರಗಳಲ್ಲಿ ಬೇಕಾದಲ್ಲಿ ಒಲೆ ಹೂಡಬಹುದೆಂಬ ನಂಬಿಕೆಯೂ ಹಳತಾಯಿತು. 2019ರಲ್ಲಿ ಅಲ್ಲಿನ ಸರ್ಕಾರ ಪ್ರವಾಸಿ ತಾಣಗಳ ಸಂರಕ್ಷಣಾ ಕಾಯ್ದೆಗೆ ತಿದ್ದುಪಡಿ ತಂದು ಬಯಲಿನಲ್ಲಿ ಅಡುಗೆ ಮಾಡುವುದನ್ನು, ತೀರದಲ್ಲಿ ಮದ್ಯಪಾನವನ್ನು ದಂಡಾರ್ಹವಾಗಿಸಿದೆ.

ವಿದೇಶಿ ಪ್ರವಾಸಿಗರು ಇನ್ನೊಂದು ಸಂಗತಿಯನ್ನು ತಿಳಿದಿರಬೇಕು. ಪರವಾನಗಿಯಿಲ್ಲದ ಉಪಗ್ರಹ ದೂರವಾಣಿ ಮತ್ತು ಉಪಗ್ರಹ ಸಂದೇಶ ಸಾಧನಗಳ ಬಳಕೆ ಭಾರತದಲ್ಲಿ ನಿಷಿದ್ಧ. ಬೆಟ್ಟಗುಡ್ಡ ಸುತ್ತುವವರ ಚೀಲದಲ್ಲಿ ಇವು ಸಾಮಾನ್ಯವಾಗಿರುತ್ತವೆ. ನೌಕಾನೆಲೆ ಪಕ್ಕದಲ್ಲೇ ಇರುವ ಈ ತಾಲೂಕಿನಲ್ಲಿ ಅವುಗಳನ್ನು ಚಾಲೂ ಮಾಡುವುದು ತೊಂದರೆಗೆ ಆಹ್ವಾನ.

ಮಾಜಾಳಿ ತೀರ

ಮಾಜಾಳಿಯ ಕಡಲತೀರ ಉದ್ದವಾದದ್ದು, ಇಳಿಜಾರು ಕಡಿಮೆಯಿರುವಂಥದ್ದು. ಹೆದ್ದಾರಿಯಿಂದ ಹೆಚ್ಚು ದೂರವೂ ಇಲ್ಲ. ಉತ್ತರದ ತುದಿಯಲ್ಲಿ ಗುಡ್ಡವನ್ನು ಹತ್ತಿಳಿದರೆ ತೀಳಮಾತಿ ಸಿಗುತ್ತದೆ. ಕೊಂಕಣಿಯಲ್ಲಿ ತೀಳ ಎಂದರೆ ಎಳ್ಳು, ಮಾತಿ ಎಂದರೆ ಮಣ್ಣು. ಎಳ್ಳಿನಂತೆ ಕಪ್ಪಾದ ಮರಳಿನ ಈ ಪುಟ್ಟ ತೀರಕ್ಕೆ ಕಾಲುದಾರಿ ಮಾತ್ರ ಇರುವುದರಿಂದ ಗಾಡಿಯನ್ನು ಮಾಜಾಳಿಯಲ್ಲಿಯೇ ಬಿಡಬೇಕು, ಬೆಳಕಿರುವಾಗಲೇ ಮರಳಬೇಕು.

ಮರಳಿನ ಮೇಲೆ ವಾಹನ ಇಳಿಸುವ ಆಸೆ ಮಾಜಾಳಿಯಲ್ಲಿ ಹುಟ್ಟುವುದು ಸಹಜ. ಮೂರು ಟನ್ ತೂಗುವ ವ್ಯಾನು ಒಣ ಮರಳಿನಲ್ಲಿ ತನ್ನದೇ ಉದ್ದದಷ್ಟು ದೂರವೂ ಹೋಗದೆ ಹೂತುಕೊಳ್ಳುತ್ತದೆ. ಒದ್ದೆ ಮರಳು ಗಟ್ಟಿಯಾಗಿ ಕಂಡರೂ ಅದು ಒದ್ದೆಯಾಗಿರುವುದೇ ಸಮುದ್ರ ಅಲ್ಲಿಗೆ ಬರುತ್ತದೆಂಬ ಕಾರಣಕ್ಕೆ. ಕಾರವಾರದ ಸಮುದ್ರದಲ್ಲಿ ಅಮಾವಾಸ್ಯೆ, ಹುಣ್ಣಿಮೆಗಳ ಸುಮಾರಿಗೆ ಉಬ್ಬರಕ್ಕೂ ಇಳಿತಕ್ಕೂ ಅಂದಾಜು ಒಂದೂವರೆ ಮೀಟರ್ ಅಂತರವಿರುತ್ತದೆ. ಕೇಳಲು ಅಲ್ಪವೆನಿಸಬಹುದು. ಆದರೆ 30 ಮೀಟರಿಗೆ ಒಂದು ಮೀಟರಿನಂತೆ ಇಳಿಯುವ ತೀರದಲ್ಲಿ ಆ ಒಂದೂವರೆ ಮೀಟರ್ ಎಂದರೆ 45 ಮೀಟರ್ ಅಗಲದ ಮರಳು ನೀರಿನಡಿ ಸೇರಿತೆಂದು ಅರ್ಥ. ದಿನಕ್ಕೆ ಎರಡು ಉಬ್ಬರಗಳಿರುತ್ತವೆ. ಸುಮಾರು 12 ಗಂಟೆ 25 ನಿಮಿಷಗಳ ಅಂತರದಲ್ಲಿ ಬರುವ ಅವೆರಡೂ ಸಮವಲ್ಲ. ಮಧ್ಯಾಹ್ನದ ಉಬ್ಬರ ಬಿಟ್ಟುಹೋದ ಕಸಕಡ್ಡಿಯ ಗೆರೆಯನ್ನು ನೋಡಿ ಡೇರೆ ಹೊಡೆದವರನ್ನು ನಡುರಾತ್ರಿಯ ದೊಡ್ಡ ಉಬ್ಬರ ಎಬ್ಬಿಸುವುದುಂಟು. ಹಳೆಯ, ಒಣಗಿದ ಗೆರೆಗಳಲ್ಲಿ ಅತಿ ಮೇಲಿನದು ಎಲ್ಲಿದೆಯೆಂದು ಹುಡುಕಿ ಅದರಿಂದಲೂ ಮೇಲಕ್ಕೆ, ಬಳ್ಳಿ ಹಬ್ಬಿದ ದಿಬ್ಬದ ಹಿಂದೆ ನಿಲ್ಲಬೇಕು. ಚಂಡಮಾರುತದ ಮುನ್ಸೂಚನೆ ಇದ್ದರೆ ಯಾವ ಗೆರೆಯೂ ಲೆಕ್ಕಕ್ಕಿಲ್ಲ. 2021ರ ಮೇ ತಿಂಗಳಲ್ಲಿ ತೌಕ್ತೆ ಬಂದಾಗ ಉತ್ತರ ಕನ್ನಡದ ತೀರದಲ್ಲಿ ಅಲೆಗಳು ಮನೆಗಳಂಗಳಕ್ಕೇ ನುಗ್ಗಿದ್ದವು.

ತೀರ ಖಾಲಿಯಾಗಿ ಕಾಣುವುದೂ ಭ್ರಮೆಯೇ. ರಂಪಣಿ ಬಲೆಯ ಮೀನುಗಾರಿಕೆ ಈ ಭಾಗದ ಹಳೆಯ ಕಸುಬು. ದೋಣಿಯಲ್ಲಿ ಬಲೆಯನ್ನು ಅರ್ಧಚಂದ್ರಾಕಾರವಾಗಿ ಬಿಟ್ಟು, ಎರಡೂ ತುದಿಯ ಹಗ್ಗಗಳನ್ನು ದಡದಲ್ಲಿ ನಿಂತ ಹತ್ತಾರು ಮಂದಿ ಒಟ್ಟಾಗಿ ಎಳೆಯುತ್ತಾರೆ. ಅವರಿಗೆ ಬೇಕಾದುದು ಉದ್ದಗಲದ ತೆರವಾದ ಮರಳು. ಸಂಜೆ ಯಾರೂ ಇಲ್ಲವೆಂದು ಡೇರೆಯ ಗೂಟ ನೆಟ್ಟ ಜಾಗವೇ ಮುಂಜಾನೆ ನಾಲ್ಕಕ್ಕೆ ಇಡೀ ಕೇರಿಯ ಅನ್ನದ ದಾರಿಯಾಗಿರಬಹುದು. ಮೇಲೆಳೆದಿಟ್ಟ ದೋಣಿ, ಒಣಗಲು ಹಾಕಿದ ಬಲೆ, ಮೀನು ಹರಡುವ ಚಾಪೆ ಕಂಡಲ್ಲಿ ದೂರ ಸರಿದು, ಹತ್ತಿರದ ಮನೆಯಲ್ಲಿ ಕೇಳಿ ನಿಲ್ಲುವುದು ವಾಡಿಕೆಯಾಗಬೇಕು. ಕೇಳಿದವನಿಗೆ ಈ ಊರುಗಳಲ್ಲಿ ಜಾಗವಷ್ಟೇ ಅಲ್ಲ, ಬೆಳಿಗ್ಗೆ ಬಂಗುಡೆಯೂ ಸಿಗುತ್ತದೆ.

ಮಾಜಾಳಿಯಿಂದ ದೇವಬಾಗದವರೆಗೆ ತೀರದುದ್ದಕ್ಕೂ ಅಲ್ಲಲ್ಲಿ ಗಾಳಿಮರದ ತೋಪುಗಳಿವೆ. ಕಡಲ ಗಾಳಿ ಮತ್ತು ಮರಳನ್ನು ತಡೆಯಲು ಬೆಳೆಸಿದ ಇವು ನೆರಳಿನಿಂದಲೂ ಸದ್ದಿನಿಂದಲೂ ಪ್ರವಾಸಿಗರನ್ನು ಕರೆಯುತ್ತವೆ. ತೋಪು ಅರಣ್ಯ ಇಲಾಖೆಯದಾಗಿದ್ದರೆ ಅನುಮತಿ ಪಡೆಯದೆ ತಂಗುವಂತಿಲ್ಲ. ಅನುಮತಿ ಸಿಕ್ಕರೂ ಬೆಂಕಿ ಹಾಕಬಾರದು. ನೆಲವನ್ನು ಮುಚ್ಚಿದ ಸೂಜಿಯಂಥ ಒಣ ಎಲೆಗಳಿಗೆ ಒಂದು ಕಿಡಿ ಸಾಕು. ಚಳಿಗಾಲದಲ್ಲಿ ಇದೇ ಮರಳಿಗೆ ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ಮೊಟ್ಟೆಯೊಡೆದ ಮರಿಗಳು ಸಮುದ್ರದ ಮೇಲಿನ ತಿಳಿಬೆಳಕನ್ನು ನೋಡಿ ನೀರಿನ ಕಡೆ ಹರಿಯುತ್ತವೆ. ದಡದಲ್ಲಿ ಕ್ಯಾರವಾನಿನ ದೀಪಮಾಲೆ ಉರಿಯುತ್ತಿದ್ದರೆ ಅವು ದಿಕ್ಕು ತಪ್ಪಿ ಒಳನಾಡಿಗೆ ತೆವಳುತ್ತವೆ. ನಾಯಿ, ಕಾಗೆಗಳ ಪಾಲಾಗುತ್ತವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿರುವ ಪ್ರಾಣಿಯಿದು. ನವೆಂಬರಿನಿಂದ ಮಾರ್ಚ್‌ವರೆಗೆ ತೀರದ ಕಡೆಯ ಕಿಟಕಿಗೆ ಪರದೆ ಎಳೆದು ಮಲಗಿದರೆ ಪ್ರವಾಸಿಗನಿಗೇನೂ ನಷ್ಟವಿಲ್ಲ.

ಕಾಳಿಯ ಎರಡು ದಡ

ಸದಾಶಿವಗಡದ ಕೋಟೆಗುಡ್ಡದ ಬುಡದಲ್ಲಿ ಕಾಳಿ ನದಿ ಸಮುದ್ರ ಸೇರುತ್ತದೆ. 2024ರ ಆಗಸ್ಟ್ 7ರ ನಡುರಾತ್ರಿ ಇಲ್ಲಿನ ಹಳೆಯ ಸೇತುವೆ ಕುಸಿದು ಲಾರಿಯೊಂದು ನದಿಗೆ ಬಿತ್ತು. ಚಾಲಕನನ್ನು ಮೀನುಗಾರರು ಮತ್ತು ಪೊಲೀಸರು ಸೇರಿ ಪಾರುಮಾಡಿದರು. ಸೇತುವೆಯ ನೆರಳಿನಲ್ಲಿ ನದಿಗೆ ಮುಖಮಾಡಿ ಗಾಡಿ ನಿಲ್ಲಿಸುವುದು ಚಿತ್ರಗಳಲ್ಲಿ ಚೆನ್ನಾಗಿ ಕಾಣುತ್ತದೆ, ಅಭ್ಯಾಸವಾಗಿ ಚೆನ್ನಾದುದಲ್ಲ.

ಕಾಳಿ ದಡದಲ್ಲಿ ತಂಗುವವರಿಗೆ ಹೆಚ್ಚು ಮುಖ್ಯವಾದ ವಿಚಾರ ಮೇಲೆ, ಕದ್ರಾದಲ್ಲಿದೆ. ಅಲ್ಲಿನ ಅಣೆಕಟ್ಟಿನ ಬಾಗಿಲು ತೆರೆದಾಗ ಕೆಳಗಿನ ಗ್ರಾಮಗಳಲ್ಲಿ ನೀರು ಏರುತ್ತದೆ. 2019 ಮತ್ತು 2021ರ ಮಳೆಗಾಲಗಳಲ್ಲಿ ನದಿದಡದ ಜನ ಮನೆ ಬಿಟ್ಟು ಆಶ್ರಯ ಕೇಂದ್ರ ಸೇರಬೇಕಾಯಿತು. ಕಾರವಾರದಲ್ಲಿ ಹನಿ ಮಳೆಯಿಲ್ಲದಿದ್ದರೂ ಘಟ್ಟದ ಮೇಲೆ, ಜೊಯಿಡಾ ಕಡೆ ಸುರಿದ ಮಳೆ ನದಿಯನ್ನು ತುಂಬುತ್ತದೆ. ಉಬ್ಬರದ ಸಮಯ ಮತ್ತು ಅಣೆಕಟ್ಟಿನ ಹೊರಹರಿವು ಒಂದೇ ರಾತ್ರಿ ಸೇರಿದರೆ ನೀರಿಗೆ ಹೋಗಲು ದಾರಿಯಿರುವುದಿಲ್ಲ. ಜಿಲ್ಲಾಡಳಿತದ ಎಚ್ಚರಿಕೆ ಸಾಮಾನ್ಯವಾಗಿ ಹಿಂದಿನ ದಿನವೇ ಬಂದಿರುತ್ತದೆ. ಅದನ್ನು ಓದುವ ಭಾಷೆ ಬಾರದ ಪ್ರವಾಸಿಗ ಪಕ್ಕದ ಅಂಗಡಿಯವರನ್ನು ಕೇಳುವುದೊಳ್ಳೆಯದು.

ನದಿಯ ಉತ್ತರಕ್ಕೆ, ಕಡಲಿಗೆ ಚಾಚಿದ ನಾಲಗೆಯಂತಿರುವ ದೇವಬಾಗದಲ್ಲಿ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಗಾಳಿಮರಗಳ ನಡುವೆ ಕಟ್ಟಿದ ಕುಟೀರಗಳು ಹೆಸರು ಮಾಡಿದ್ದವು. ಇಲ್ಲೊಂದು ಎಚ್ಚರ: ಮಹಾರಾಷ್ಟ್ರದ ಮಾಲ್ವಣ ಸಮೀಪ ತಾರ್ಕರ್ಲಿಯ ಪಕ್ಕದಲ್ಲಿಯೂ ಒಂದು ದೇವಬಾಗವಿದೆ, ಅದೂ ನದಿಮುಖದ ಮರಳು ನಾಲಗೆಯೇ. ಅಂತರಜಾಲದಲ್ಲಿ ಕೊಠಡಿ ಕಾದಿರಿಸುವವರು ಜಿಲ್ಲೆಯ ಹೆಸರನ್ನು ನೋಡದೆ ಹಣ ಪಾವತಿಸಬಾರದು.

ದ್ವೀಪಗಳಿಗೆ ಹೋಗುವವರು ಗಾಡಿಯನ್ನು ದಡದಲ್ಲಿ ಬಿಟ್ಟು ದೋಣಿ ಹತ್ತುತ್ತಾರೆ. 2019ರ ಜನವರಿ 21ರಂದು ಕೂರ್ಮಗಡದ ನರಸಿಂಹ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಮೃತಪಟ್ಟರು. ಜೀವರಕ್ಷಕ ಅಂಗಿ ಕೊಡದ ದೋಣಿಯನ್ನು ಹತ್ತಬಾರದು. ಜನ ತುಂಬಿದ್ದರೆ ಇನ್ನೊಂದಕ್ಕೆ ಕಾಯಬೇಕು.

ಕಾರವಾರ ಮತ್ತು ನೌಕಾನೆಲೆ

ಕಾರವಾರ ನಗರದ ಕಡಲತೀರಕ್ಕೆ ರವೀಂದ್ರನಾಥ ಟ್ಯಾಗೋರರ ಹೆಸರಿದೆ. 1880ರ ದಶಕದಲ್ಲಿ ಯುವಕ ರವೀಂದ್ರರು ಇಲ್ಲಿಗೆ ಬಂದಾಗ ಅವರ ಅಣ್ಣ ಸತ್ಯೇಂದ್ರನಾಥರು ಜಿಲ್ಲಾ ನ್ಯಾಯಾಧೀಶರಾಗಿದ್ದರು. ತಂಗುದಾಣದ ಚಿಂತೆ ಕವಿಗೆ ಇರಲಿಲ್ಲ. ಇಂದಿನವರಿಗೆ ಈ ತೀರ ಹಗಲಿನ ನಿಲುಗಡೆಗೆ ಉತ್ತಮ. ಯುದ್ಧನೌಕೆ ಚಾಪಲ್ ವಸ್ತುಸಂಗ್ರಹಾಲಯ, ತಿಂಡಿ, ಭಾನುವಾರದ ಸಂತೆ ಎಲ್ಲವೂ ನಡೆದುಹೋಗುವಷ್ಟು ಹತ್ತಿರ. ಈಜಬೇಕೆನ್ನುವವರು ಜೀವರಕ್ಷಕ ಸಿಬ್ಬಂದಿಯಿರುವ ಇಂಥ ತೀರದಲ್ಲಿಯೇ, ಅವರು ಇರುವ ವೇಳೆಯಲ್ಲಿಯೇ ಈಜಬೇಕು. 2024ರ ಡಿಸೆಂಬರಿನಲ್ಲಿ ಇದೇ ಜಿಲ್ಲೆಯ ಮುರ್ಡೇಶ್ವರದಲ್ಲಿ ಪ್ರವಾಸಕ್ಕೆ ಬಂದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದುದು ಶಾಂತವಾಗಿ ಕಾಣುವ ಸಮುದ್ರದಲ್ಲಿಯೇ.

ಕಾರವಾರವನ್ನು ಬಿಟ್ಟು ದಕ್ಷಿಣಕ್ಕೆ ಹೊರಟರೆ ಬಿಣಗಾ, ಅರಗಾ ಭಾಗದಲ್ಲಿ ಸೀಬರ್ಡ್ ಯೋಜನೆಯ ನೌಕಾನೆಲೆ ಆರಂಭವಾಗುತ್ತದೆ. ಐಎನ್‌ಎಸ್ ಕದಂಬ 2005ರಲ್ಲಿ ಸೇವೆಗೆ ಸೇರಿತು. ಅದಕ್ಕಾಗಿ ಹಲವು ಗ್ರಾಮಗಳ ಕುಟುಂಬಗಳು ನೆಲೆ ಕಳೆದುಕೊಂಡವು. ಒಂದು ಕಾಲಕ್ಕೆ ಊರಿನವರದಾಗಿದ್ದ ಸೊಗಸಾದ ತೀರಗಳಿಗೆ ಬೇಲಿ ಬಿತ್ತು. ಇಲ್ಲಿ ಹೆದ್ದಾರಿ ಬದಿಯಲ್ಲಿ ರಾತ್ರಿ ನಿಲ್ಲುವುದು, ಡ್ರೋನ್ ಹಾರಿಸುವುದು, ಬೇಲಿಯಾಚೆಗಿನ ಚಿತ್ರ ತೆಗೆಯುವುದು ಬೇಡ. ಹಳೆಯ ಪ್ರವಾಸಿ ಕೈಪಿಡಿಗಳಲ್ಲಿ ಅರಗಾ, ಬಿಣಗಾಗಳನ್ನು ಬಿಡಾರಕ್ಕೆ ಯೋಗ್ಯವೆಂದು ಬರೆದಿದ್ದರೆ ಆ ಪುಟವನ್ನು ಮಡಚಿಡುವುದೇ ಲೇಸು.

ಅಂಗಳದಲ್ಲಿ ಕೇಳಬೇಕಾದುದು

ಈ ದಾರಿಯಲ್ಲಿ ಕ್ಯಾರವಾನಿಗೆ ಅತ್ಯಂತ ಯೋಗ್ಯ ತಂಗುದಾಣವೆಂದರೆ ಹೋಂಸ್ಟೇ ಅಥವಾ ಸಣ್ಣ ರೆಸಾರ್ಟಿನ ಅಂಗಳ. ಕೊಠಡಿ ಬೇಡ, ಗಾಡಿ ನಿಲ್ಲಿಸಿ ಸ್ನಾನಗೃಹ ಬಳಸಿಕೊಳ್ಳುತ್ತೇವೆ, ಊಟ ನಿಮ್ಮಲ್ಲೇ ಮಾಡುತ್ತೇವೆ ಎಂದು ಮೊದಲೇ ದೂರವಾಣಿಯಲ್ಲಿ ಮಾತಾಡಿ ದರ ಗೊತ್ತುಮಾಡಿಕೊಂಡರೆ ಹೆಚ್ಚಿನವರು ಒಪ್ಪುತ್ತಾರೆ. ಒಪ್ಪಿದ ಮೇಲೆ ಮೊದಲು ಕೇಳಬೇಕಾದುದು ದಾರಿಯ ಅಗಲ. ಹೆದ್ದಾರಿಯಿಂದ ತೀರಕ್ಕೆ ಇಳಿಯುವ ಓಣಿಗಳ ಎರಡೂ ಬದಿಯಲ್ಲಿ ಚಿರೆಕಲ್ಲಿನ ಗೋಡೆ, ಮೇಲೆ ಜೋತುಬಿದ್ದ ವಿದ್ಯುತ್ ತಂತಿ ಇರುತ್ತದೆ. ಕಾರು ಬರುತ್ತದೆ ಎಂದು ಮನೆಯವರು ಹೇಳಿದರೆ ಅದು ನಿಜವೇ. ಮೂರು ಮೀಟರ್ ಎತ್ತರದ ಗಾಡಿ ಬರುತ್ತದೆಂದು ಅದರ ಅರ್ಥವಲ್ಲ. ಓಣಿಯನ್ನು ಒಮ್ಮೆ ನಡೆದು ನೋಡಿದವನು ಹಿಮ್ಮುಖ ಚಾಲನೆಯ ಸಂಕಟದಿಂದ ಪಾರಾಗುತ್ತಾನೆ.

ತೆಂಗಿನ ಮರದ ಕೆಳಗೆ ನಿಲ್ಲಿಸಬಾರದೆಂಬುದನ್ನು ಕರಾವಳಿಯವರಿಗೆ ಹೇಳಬೇಕಿಲ್ಲ. ಬಯಲುಸೀಮೆಯಿಂದ ಬಂದವರು ಮಾತ್ರ ನೆರಳನ್ನು ಹುಡುಕಿಕೊಂಡು ನೇರವಾಗಿ ಅಲ್ಲಿಗೇ ಹೋಗುತ್ತಾರೆ. ಬಲಿತ ಕಾಯಿ ಗಾಜನ್ನು ಒಡೆದರೆ ಬದಲಿ ಗಾಜು ಅಂಕೋಲಾದಲ್ಲಿ ಅಂದೇ ಸಿಗುವ ವಸ್ತುವಲ್ಲ.

ವಿದ್ಯುತ್ತಿನ ವಿಷಯ ಸ್ವಲ್ಪ ವಿವರವಾಗಿ ತಿಳಿಯತಕ್ಕದ್ದು. ಹವಾನಿಯಂತ್ರಕವುಳ್ಳ ಕ್ಯಾರವಾನಿಗೆ 16 ಆಂಪಿಯರಿನ ಸಾಕೆಟ್ ಬೇಕು. ಜಗಲಿಯ ದೀಪಕ್ಕೆಂದು ಇರುವ 6 ಆಂಪಿಯರಿನದು ಸಾಲದು, ತಂತಿ ಬಿಸಿಯಾಗುತ್ತದೆ. ಹಳೆಯ ಮನೆಗಳಲ್ಲಿ ಮೂರನೆಯ ರಂಧ್ರವಿದ್ದರೂ ಅದರ ಹಿಂದೆ ಭೂಸಂಪರ್ಕ ಇರುತ್ತದೆಂಬ ಭರವಸೆಯಿಲ್ಲ. ಲೋಹದ ಮೈಯ ಗಾಡಿ, ಒದ್ದೆ ನೆಲ, ಬರಿಗಾಲು ಮೂರೂ ಸೇರಿದಾಗ ಇದು ಪ್ರಾಣದ ಪ್ರಶ್ನೆ. ಅಗ್ಗದ ಒಂದು ಸಾಕೆಟ್ ಪರೀಕ್ಷಕವನ್ನು ಜೊತೆಯಲ್ಲಿಟ್ಟುಕೊಳ್ಳುವುದು, ಸೋರಿಕೆಯಾದೊಡನೆ ವಿದ್ಯುತ್ ಕಡಿಯುವ ಉಪಕರಣವನ್ನು ಗಾಡಿಯಲ್ಲಿ ಅಳವಡಿಸಿಕೊಳ್ಳುವುದು ಕಡ್ಡಾಯವೆಂದೇ ತಿಳಿಯಬೇಕು. ಮಳೆಗಾಲದಲ್ಲಿ ಮರ ಬಿದ್ದು ಹೆಸ್ಕಾಂ ಪೂರೈಕೆ ಗಂಟೆಗಟ್ಟಲೆ ನಿಲ್ಲುವುದೂ ಇಲ್ಲಿ ಮಾಮೂಲು.

ನೀರು ತುಂಬಿಸಿಕೊಳ್ಳುವ ಮುನ್ನ ರುಚಿ ನೋಡಬೇಕು. ತೀರದ ಬಾವಿಗಳಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ನಿಂತಿರುತ್ತದೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಹೆಚ್ಚು ಸೇದಿದರೆ ಉಪ್ಪು ಮೇಲೇರುತ್ತದೆ. ನೂರು ಲೀಟರಿನ ಟ್ಯಾಂಕನ್ನು ಬೇಸಿಗೆಯಲ್ಲಿ ಒಂದು ಮನೆಯ ಬಾವಿಯಿಂದ ತುಂಬಿಸಿಕೊಳ್ಳುವುದಕ್ಕಿಂತ ಪಟ್ಟಣದಲ್ಲಿ ಕೊಂಡು ತರುವುದು ಮರ್ಯಾದೆ. ಇದಕ್ಕಿಂತ ಗಂಭೀರವಾದುದು ಕೊಳಚೆ. ಮರಳು ನೆಲದಲ್ಲಿ ಬಾವಿಗಳ ಆಳ ಕೆಲವೇ ಮೀಟರ್. ರಾಸಾಯನಿಕ ಬೆರೆಸಿದ ಶೌಚ ಪೆಟ್ಟಿಗೆಯನ್ನು ಗಾಳಿಮರದ ಬುಡದಲ್ಲಿ ಅಥವಾ ಗದ್ದೆಯ ಬದುವಿನಲ್ಲಿ ಬರಿದು ಮಾಡಿದರೆ ಅದು ಸೋಸದೆಯೇ ಹತ್ತಿರದ ಬಾವಿಯನ್ನು ತಲುಪುತ್ತದೆ. ಗಾಡಿ ಮರುದಿನ ಗೋಕರ್ಣದಲ್ಲಿರುತ್ತದೆ, ಬಾವಿ ಅಲ್ಲಿಯೇ ಇರುತ್ತದೆ. ರಾಸಾಯನಿಕ ಬಳಸದೆ, ಮನೆಯವರ ಒಪ್ಪಿಗೆ ಪಡೆದು ಅವರ ಶೌಚಾಲಯಕ್ಕೇ ಸುರಿಯುವುದು ಇದ್ದುದರಲ್ಲಿ ಸರಿಯಾದ ದಾರಿ. ಬಹುತೇಕ ಊರುಗಳಲ್ಲಿ ಹೊರಗಿನ ವ್ಯಾನುಗಳ ಬಗ್ಗೆ ಅಸಮಾಧಾನ ಹುಟ್ಟುವುದು ಈ ಒಂದು ಕಾರಣಕ್ಕೆ, ಸಂಗೀತದ ಸದ್ದಿಗಲ್ಲ.

ವಿದೇಶಿಯರನ್ನು ಉಳಿಸಿಕೊಳ್ಳುವವರು 24 ಗಂಟೆಗಳೊಳಗೆ ಅವರ ವಿವರವನ್ನು ಆನ್‌ಲೈನ್ ಮೂಲಕ ಸಲ್ಲಿಸಬೇಕು. ಅಂಗಳದಲ್ಲಿ ಗಾಡಿಯೊಳಗೇ ಮಲಗಿದರೂ ಅತಿಥಿ ಅತಿಥಿಯೇ. ಇದನ್ನು ತಿಳಿಯದ ಮನೆಯವರನ್ನು ಪ್ರವಾಸಿಗನ ಉದಾಸೀನ ಠಾಣೆಗೆ ಅಲೆಸಬಾರದು.

ಅಂಕೋಲಾ ತಾಲೂಕು

ಹಾರವಾಡ, ಬೇಲೇಕೇರಿ, ಕೇಣಿ, ನದಿಬಾಗ, ಬೆಳಂಬಾರ ಎಂದು ಅಂಕೋಲಾ ತಾಲೂಕಿನಲ್ಲಿ ತೀರಗಳ ಹೆಸರು ಒಂದರ ಹಿಂದೊಂದು ಬರುತ್ತದೆ. ಇವು ಗೋಕರ್ಣದಷ್ಟು ಪ್ರಸಿದ್ಧವಲ್ಲ, ಹಾಗಾಗಿಯೇ ಶಾಂತ. ಎಲ್ಲವೂ ಮೀನುಗಾರರ ಊರುಗಳಾದ್ದರಿಂದ ಮಾಜಾಳಿಗೆ ಹೇಳಿದ ಮಾತು ಇಲ್ಲಿಗೂ ಅನ್ವಯ. ಕೇಣಿಯಲ್ಲಿ ಬೃಹತ್ ವಾಣಿಜ್ಯ ಬಂದರಿನ ಪ್ರಸ್ತಾವದ ವಿರುದ್ಧ ಊರಿನವರು ಹೋರಾಟಕ್ಕಿಳಿದಿದ್ದು, ಕ್ಯಾಮೆರಾ ಹಿಡಿದು ಅಳತೆ ಮಾಡುವಂತೆ ಅಡ್ಡಾಡುವ ಅಪರಿಚಿತರನ್ನು ಅಲ್ಲಿ ಅನುಮಾನದಿಂದ ನೋಡಿದರೆ ಆಶ್ಚರ್ಯವಿಲ್ಲ. ಪರಿಚಯ ಹೇಳಿಕೊಂಡರೆ ಸಾಕು.

ಮಳೆಗಾಲದಲ್ಲಿ ಗಂಗಾವಳಿಯ ದಡಗಳು ವರ್ಜ್ಯ. 2019ರ ಆಗಸ್ಟ್ ನೆರೆಯಲ್ಲಿ ತಾಲೂಕಿನ ನದಿತೀರದ ಗ್ರಾಮಗಳೇ ಮುಳುಗಿದ್ದವು. ಆ ದಿನಗಳಲ್ಲಿ ಹೋಗಲೇಬೇಕಾದವರು ಬಾಳೆಗುಳಿಯ ಸುತ್ತಮುತ್ತ ತಂಗುವುದು ಮೇಲು. ಹುಬ್ಬಳ್ಳಿಯ ಹೆದ್ದಾರಿ 52 ಕರಾವಳಿಯ ಹೆದ್ದಾರಿಯನ್ನು ಸೇರುವ ಈ ಕೂಡುರಸ್ತೆಯಲ್ಲಿ ಲಾರಿಗಳು ಇರುಳೆಲ್ಲ ಬಂದು ಹೋಗುತ್ತಿರುತ್ತವೆ. ಇಂಜಿನ್ ಸದ್ದು, ಡೀಸೆಲ್ ವಾಸನೆ, ಹಾರ್ನ್ ತಪ್ಪಿದ್ದಲ್ಲ. ನೋಡಲು ಅಲ್ಲಿ ಏನೂ ಇಲ್ಲ. ಆದರೆ ಬೆಳಕು, ಊಟ, ಟೈರ್ ದುರಸ್ತಿಯವರು ಇದ್ದಾರೆ. ಘಟ್ಟದ ರಸ್ತೆ ಮುಚ್ಚಿದೆಯೋ ತೆರೆದಿದೆಯೋ ಎಂಬ ಸುದ್ದಿ ಸರ್ಕಾರಿ ಪ್ರಕಟಣೆಗಿಂತ ಮೊದಲು ಯಲ್ಲಾಪುರದಿಂದ ಇಳಿದುಬಂದ ಚಾಲಕನಿಂದ ಸಿಗುತ್ತದೆ. ಇಲ್ಲಿಯೂ ಬಯಲಿನ ಮಧ್ಯಭಾಗವನ್ನು ಆರಿಸಿಕೊಳ್ಳಬೇಕೇ ಹೊರತು ಅಂಚಿನ ಗುಡ್ಡದ ಪಕ್ಕವನ್ನಲ್ಲ.

ಕಾಲದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ನವೆಂಬರಿನಿಂದ ಫೆಬ್ರುವರಿ ಅತ್ಯುತ್ತಮ. ಡಿಸೆಂಬರಿನ ಕೊನೆಯ ವಾರ ಮಾತ್ರ ಗೋವಾದಿಂದ ಹೊರಳಿದ ಜನಸಂದಣಿ ಮಾಜಾಳಿಯವರೆಗೂ ಬರುತ್ತದೆ. ಮಾರ್ಚ್ ನಂತರ ಗಾಡಿಯೊಳಗೆ ಸೆಖೆ ತಾಳುವುದು ಕಷ್ಟ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ದೋಣಿಗಳೆಲ್ಲ ದಡ ಸೇರಿ ಬಂದರುಗಳ ಬದಿಯಲ್ಲಿ ನಿಲ್ಲಲು ಜಾಗವೂ ಇರುವುದಿಲ್ಲ. ಸೆಖೆಯನ್ನು ಸಹಿಸಬಲ್ಲವರಿಗೆ ಮೇ ತಿಂಗಳಲ್ಲಿ ಒಂದು ಆಕರ್ಷಣೆಯಿದೆ. 2023ರಲ್ಲಿ ಭೌಗೋಳಿಕ ಮಾನ್ಯತೆ ಪಡೆದ ಅಂಕೋಲಾದ ಕರಿ ಈಶಾಡು ಮಾವು ಆಗ ಪೇಟೆಯ ರಸ್ತೆಬದಿಯಲ್ಲಿ ಬುಟ್ಟಿಗಳಲ್ಲಿ ಕುಳಿತಿರುತ್ತದೆ. ತೆಳು ಸಿಪ್ಪೆಯ ಹಣ್ಣಾದ್ದರಿಂದ ದೂರದ ಊರುಗಳಿಗೆ ಹೆಚ್ಚಾಗಿ ಹೋಗುವುದಿಲ್ಲ. ಗಾಡಿಯಲ್ಲಿಟ್ಟು ಕುಲುಕಿಸದೆ ಅಂದೇ ತಿನ್ನಬೇಕು.